ಅಂಗಳದಲ್ಲಿ ಬರೆದ ನಂಬರು

ನನ್ನ ಅಜ್ಜಿ, ನಾವು ಆಯಿ ಅನ್ನುತ್ತಿದ್ದೆವು, ಕಥೆ ಹೇಳಲು ಕುಳಿತರೆ ಮೊದಲು ಒಂದು ಕರಾರು ಹಾಕುತ್ತಿದ್ದಳು. ಕೇಳುವವರು ಮಾತುಮಾತಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಹೂಂ ಅನ್ನುವವರಿಲ್ಲದ ಕಥೆ ದಾರಿ ತಪ್ಪಿ ಯಾರದೋ ಹೊಸ್ತಿಲಿಗೆ ಹೋಗಿ ಕೂರುತ್ತದೆ, ಅಲ್ಲಿ ಅದರ ಗುರುತು ಯಾರಿಗೂ ಇರುವುದಿಲ್ಲ ಎಂದು ಹೆದರಿಸುತ್ತಿದ್ದಳು. ನಾನು ಆಳಂದದ ಇಂಟರ್ನೆಟ್ ಆಫೀಸಿಗೆ ಸೇರಿದ ಮೊದಲ ವಾರ, ಕಂಪ್ಯೂಟರಿನಿಂದ ದೂರದ ಊರಿನ ಇಂಟರ್ನೆಟ್ ಡಬ್ಬಿಯೊಂದನ್ನು ಅದರ ನಂಬರು ಹಿಡಿದು ಇದ್ದೀಯಾ ಎಂದು ಕೂಗಿದೆ. ಅರೆಗಳಿಗೆಯಲ್ಲಿ ಅದು ಇದ್ದೇನೆ ಎಂದು ಉತ್ತರ ಕೊಟ್ಟಿತು. ನಾಲ್ಕು ಸಲ ಕೂಗಿದರೆ ನಾಲ್ಕು ಸಲ. ಇದನ್ನು ಆಯಿಗೆ ತೋರಿಸಬೇಕಿತ್ತು ಅನಿಸಿತು. ಅಷ್ಟೊತ್ತಿಗೆ ಅವಳು ಹೋಗಿ ವರ್ಷವಾಗಿತ್ತು.

ನಮ್ಮ ಆಫೀಸೆಂದರೆ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆ. ಮಾಲಕರು ದೌಲತರಾಯರು. ಹಿಂದೆ ಟಿವಿ ಕೇಬಲ್ ಎಳೆದಿದ್ದ ಕಂಬಗಳ ಮೇಲೆಯೇ ಈಗ ಇಂಟರ್ನೆಟ್ ತಂತಿ ಎಳೆದು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಕೆಲವು ಹಳ್ಳಿಗಳಿಗೆ ಕೊಟ್ಟಿದ್ದಾರೆ. ಕಂಬ ಹತ್ತುವವರಲ್ಲಿ ಹಿರಿಯರು ಖಜೂರಿಯ ಚಂದಪ್ಪ ಕಾಕಾ. ನಾನು ಕೂರುವ ಕುರ್ಚಿಯಲ್ಲಿ ನನಗಿಂತ ಮುಂಚೆ ಅವರ ಮಗಳು ಸೀಮಾ ಕೂರುತ್ತಿದ್ದಳು. ನಾನು ಅವಳನ್ನು ನೋಡಿಲ್ಲ. ಅವಳು ಮಾನಿಟರಿನ ಅಂಚಿಗೆ ಅಂಟಿಸಿದ್ದ, ಹಣೆಗಿಡುವ ಮೂರು ಟಿಕಳಿ ಇನ್ನೂ ಇವೆ, ಒಂದು ಕೆಂಪು, ಎರಡು ಹಸಿರು. ಮೂರು ವರ್ಷದ ಹಿಂದೆ ಅವಳು ಬೇರೆ ಜಾತಿಯ ಲಾರಿ ಡ್ರೈವರನೊಬ್ಬನ ಕೂಡ ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದಳಂತೆ. ಕಾಕಾನ ಮುಂದೆ ಆ ಹೆಸರು ಎತ್ತಬೇಡ ಎಂದು ದೌಲತರಾಯರು ಮೊದಲ ದಿನವೇ ಹೇಳಿದ್ದರು. ನಾನು ಟಿಕಳಿಗಳನ್ನು ಕೀಳಲಿಲ್ಲ. ಕಾಕಾ ಒಳಗೆ ಬಂದಾಗಲೆಲ್ಲ ಒಂದು ಸಲ ಅವುಗಳ ಕಡೆ ನೋಡಿ ಆಮೇಲೆ ನನ್ನ ಕಡೆ ನೋಡುತ್ತಿದ್ದರು.

ಅಕ್ಟೋಬರಿನಲ್ಲಿ ಕಲಬುರಗಿಯಿಂದ ನಂಬರುಗಳ ವಿಷಯ ಒಂದು ಪತ್ರ ಬಂತು. ಇಂಟರ್ನೆಟ್ಟಿನಲ್ಲಿ ನಂಬರಿಲ್ಲದ ಮನೆಯನ್ನು ಹೊರಗಿನವರು ಹುಡುಕಲಾರರು. ಹಳೆಯ ನಂಬರುಗಳು ಗಿಡ್ಡ, ನಡುವೆ ಚುಕ್ಕೆಯಿಟ್ಟ ನಾಲ್ಕು ತುಂಡು, ಎರಡು ಸಲ ಹೇಳಿದರೆ ಬಾಯಿಗೆ ಬರುವಂಥವು. ಆದರೆ ಜಗತ್ತಿನಲ್ಲೇ ಅವು ತೀರಿಹೋಗಿವೆ. ನಮ್ಮ ಹತ್ತಿರ ಇದ್ದವು ದೊಡ್ಡ ಕಂಪನಿಯೊಂದರಿಂದ ಕಡ ತಂದವು. ಬಹಳ ಮನೆಗಳು ಒಂದೇ ನಂಬರನ್ನು ಹಂಚಿಕೊಂಡಿದ್ದವು, ಹತ್ತೊಂಬತ್ತು ಮಂದಿಗೆ ಮಾತ್ರ ಸ್ವಂತದ್ದು. ನವೆಂಬರ್ ಮೂವತ್ತಕ್ಕೆ ಗಿಡ್ಡ ನಂಬರುಗಳನ್ನೆಲ್ಲ ಮರಳಿಸಿ, ಬದಲಿಗೆ ಹೊಸ ಉದ್ದ ನಂಬರು ಬೇಕಾದಷ್ಟು ತೆಗೆದುಕೊಳ್ಳಿ ಎಂದು ಕಂಪನಿಯವರು ಬರೆದಿದ್ದರು. ಬೇಕಾದಷ್ಟು ಎಂಬುದು ಸುಮ್ಮನೆ ಮಾತಲ್ಲ. ಮೂರೂ ತಾಲೂಕಿನ ತೊಗರಿಯ ಒಂದೊಂದು ಕಾಳಿಗೂ ಒಂದೊಂದು ನಂಬರು ಕೊಟ್ಟರೂ ನಮ್ಮ ಪಾಲಿನದು ಮುಗಿಯುವುದಿಲ್ಲ.

ಉದ್ದ ನಂಬರನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ದೌಲತರಾಯರು ಕನ್ನಡಕ ಏರಿಸಿ ನೋಡಿದರು. ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರ, ತುಂಡಿಗೊಂದು ಜೋಡಿಚುಕ್ಕೆ.

"ಇದು ನಂಬರೋ ಮಂತ್ರಾನೋ," ಎಂದರು. "ನನಗ ನನ್ನ ಹೆಣ್ತಿ ಹುಟ್ಟಿದ ದಿನಾನೇ ನೆನಪಿರಂಗಿಲ್ಲ. ಚಂದಪ್ಪ, ನಿನ್ನ ತಲಿಯಾಗ ಹಿಡಸ್ತದೇನಲೇ?"

ಯಾವ ಮನೆಗೆ ಯಾವ ನಂಬರು ಎಂದು ಕೇಳಿದರೆ ಕಾಕಾ ಕಂಬದ ಮೇಲಿಂದಲೇ ಹೇಳುತ್ತಿದ್ದರು, ಪಟ್ಟಿ ನೋಡಿದ್ದೇ ಇಲ್ಲ. ಅವರು ಆ ಕಾಗದವನ್ನು ಕೈಯಲ್ಲಿ ಹಿಡಿದು ತುಂಡುತುಂಡಿಗೂ ಬೆರಳಿಟ್ಟು ನೋಡಿದರು.

ಸ್ವಂತ ಗಿಡ್ಡ ನಂಬರು ಇದ್ದ ಹತ್ತೊಂಬತ್ತು ಮಂದಿಯನ್ನು ಒಬ್ಬೊಬ್ಬರನ್ನಾಗಿ ಉದ್ದ ನಂಬರಿಗೆ ದಾಟಿಸುವುದು ನನ್ನ ಕೆಲಸ. ಪೆಟ್ರೋಲ್ ಪಂಪು, ನರೋಣಾದ ಶಾಲೆ, ಎರಡು ದಾಲ್ ಮಿಲ್ಲು, ಹೀಗೆ ಪಟ್ಟಿ ಇಳಿಯುತ್ತ ಹನ್ನೊಂದನೆಯದಕ್ಕೆ ಬಂದೆ. 'ಚಂದಪ್ಪ, ಖಜೂರಿ, ಆಡಿನ ಕ್ಯಾಮೆರಾ' ಎಂದು ಬರೆದಿತ್ತು. ಸೀಮಾ ಈ ಕುರ್ಚಿಯಲ್ಲಿದ್ದಾಗ, ಮನೆಯ ಎರಡು ಆಡು ಕಳವಾದ ವರ್ಷ, ಕೊಟ್ಟಿಗೆಗೆ ಕ್ಯಾಮೆರಾ ಕಟ್ಟಿಸಿ ಅದಕ್ಕೆ ತಾನೇ ಒಂದು ನಂಬರು ಕೊಟ್ಟುಕೊಂಡಿದ್ದಳು. ಆಡುಗಳನ್ನು ಮಾರಿ ಎರಡು ವರ್ಷವಾಗಿದೆ ಎಂದು ನನಗೆ ಗೊತ್ತಿತ್ತು. ತೆಗೆದುಹಾಕೋಣ ಎಂದು ನೋಡಿದರೆ, ಆ ನಂಬರಿಗೆ ದಿನಾ ಯಾರೋ ಬರುತ್ತಿದ್ದರು. ಒಬ್ಬರೇ. ಮಹಾರಾಷ್ಟ್ರದ ಮೊಬೈಲಿನಿಂದ. ಬೆಳಿಗ್ಗೆ ಏಳಕ್ಕೆ ಬಂದು, ಹತ್ತು ನಿಮಿಷ, ಕೆಲವು ದಿನ ಇಪ್ಪತ್ತು ನಿಮಿಷ ಇದ್ದು ಹೋಗುತ್ತಿದ್ದರು.

ನಾನು ದಡ್ಡಿ. ಕಳ್ಳರು ಹೊಂಚು ಹಾಕುತ್ತಿದ್ದಾರೆ ಎಂದುಕೊಂಡೆ. ಮಧ್ಯಾಹ್ನ ಕಾಕಾ ಚಹಾಕ್ಕೆ ಬಂದಾಗ ಹೇಳಿದೆ. ಅವರು ಬಶಿಯಲ್ಲಿ ಸುರಿದುಕೊಂಡ ಚಹಾವನ್ನು ಕುಡಿಯದೆ ಹಾಗೆಯೇ ಹಿಡಿದುಕೊಂಡರು.

"ಕಳ್ಳರಲ್ಲವ್ವ," ಎಂದರು.

ಆಮೇಲೆ ನಿಧಾನವಾಗಿ, ತಂತಿಯ ಗಂಟು ಬಿಚ್ಚುವ ಹಾಗೆ ಹೇಳಿದರು. ಯಾರಾದರೂ ನೋಡುತ್ತಿರುವಾಗ ಆ ಕ್ಯಾಮೆರಾದಲ್ಲಿ ಒಂದು ಸಣ್ಣ ಕೆಂಪು ದೀಪ ಹತ್ತುತ್ತದೆ. ಮಗಳು ಹೋದ ತಿಂಗಳೊಪ್ಪತ್ತಿಗೆ ಒಂದು ಬೆಳಿಗ್ಗೆ ಅದು ಹತ್ತಿದ್ದನ್ನು ಅವರು ಕಂಡಿದ್ದರು. ಮರುದಿನವೂ ಹತ್ತಿತು. ಕ್ಯಾಮೆರಾದ ಗುಪ್ತಪದ ಅವಳೊಬ್ಬಳಿಗೇ ಗೊತ್ತು. ಯಾರು ಎಂದು ಕೇಳಬೇಕಾದ್ದೇ ಇರಲಿಲ್ಲ. ಅವರು ಯಾರಿಗೂ ಹೇಳಲಿಲ್ಲ. ಒಂದು ದಿನ ಹೆಂಡತಿ ಹಣಮವ್ವ ಹೊಲಕ್ಕೆ ಹೋದಾಗ ಏಣಿ ಹಾಕಿ ಕ್ಯಾಮೆರಾವನ್ನು ಕೊಟ್ಟಿಗೆಯಿಂದ ಬಿಚ್ಚಿ, ಅಂಗಳದ ಬೇವಿನ ಗಿಡಕ್ಕೆ ಕಟ್ಟಿ, ಅವಳು ರೊಟ್ಟಿ ಬಡಿಯುವ ಒಲೆಯ ಕಡೆ ತಿರುಗಿಸಿದರು. ಆಡು ಅಲ್ಲಿ ಎಂದೂ ಬರುತ್ತಿರಲಿಲ್ಲ.

ಅವಳು ಹೋದ ವಾರದಲ್ಲೇ, ಮಂದಿಯ ಮಾತು ತಾಳಲಾರದೆ, ಅವರು ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಯ ಮುಂದೆ ಅರಿಶಿಣದ ಭಂಡಾರ ಹಿಡಿದು ಆಣೆ ಮಾಡಿದ್ದರು. ಈ ಮನೆಯವರು ಯಾರಾದರೂ ಅವಳನ್ನು ಕರೆದರೆ, ಕರೆಸಿಕೊಂಡವಳಿಗೇ ಕೇಡಾಗಲಿ ಎಂದು. ಸಿಟ್ಟಿನ ಬಾಯಿ. ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದರೆ ಎಂದೋ ಮುರಿಯುತ್ತಿದ್ದರು. ಮಗಳ ತಲೆಯ ಮೇಲೆ ಹಾಕಿದ್ದರಿಂದ ಮುರಿಯುವ ಹಾಗಿರಲಿಲ್ಲ.

"ಕರಿಯಂಗಿಲ್ಲ ಅಂತ ಆಣಿ ಮಾಡೀನಿ," ಎಂದರು ಕಾಕಾ. "ತೋರಸಂಗಿಲ್ಲ ಅಂತ ಮಾಡಿಲ್ಲ."

ಚಹಾ ಆರಿಹೋಗಿತ್ತು. ಅದನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. ಬಾಗಿಲಲ್ಲಿ ನಿಂತು, ಆ ಒಂದು ನಂಬರಾದರೂ ಉಳಿಯುತ್ತದೆಯೇ ಎಂದು ಕೇಳಿದರು. ನಾನು ಕಲಬುರಗಿಯ ಕಂಪನಿಗೆ ಬರೆದೆ. ನಂಬರುಗಳು ಒಟ್ಟಿಗೆ ಬಂದವು, ಒಟ್ಟಿಗೇ ಹೋಗುತ್ತವೆ, ಬಿಡಿಯಾಗಿ ಉಳಿಯುವುದಿಲ್ಲ ಎಂದು ಉತ್ತರ ಬಂತು.

ಅಂದರೆ ಮೂವತ್ತನೇ ತಾರೀಖಿನ ಮಧ್ಯಾಹ್ನದಿಂದ ಸೀಮಾ ಆ ನಂಬರು ಒತ್ತಿದರೆ ಕಾಣಿಸುವುದು ಬೇರೆ ಯಾರದೋ ಮನೆ, ಇಲ್ಲವೇ ಏನೂ ಇಲ್ಲ. ಅವಳಿಗೆ ಗೊತ್ತಿದ್ದದ್ದು ಅದೊಂದೇ ನಂಬರು. ಅವಳ ಫೋನ್ ನಂಬರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೊಸದನ್ನು ಅವಳಿಗೆ ಮುಟ್ಟಿಸುವ ದಾರಿ ಯಾವುದು ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಆಯಿಯ ಕಥೆಗಳಲ್ಲಾಗಿದ್ದರೆ ಒಂದು ಗಿಳಿ ಸಿಗುತ್ತಿತ್ತು. ಕೊನೆಗೆ ಹೊಳೆದದ್ದು ಬಹಳ ಸುಲಭದ್ದು. ಅವಳು ನೋಡುವುದು ಅಂಗಳವನ್ನು. ಬರೆಯಬೇಕಾದದ್ದೂ ಅಂಗಳದಲ್ಲೇ.

ಹಳೆಯ ಕ್ಯಾಮೆರಾಕ್ಕೆ ಉದ್ದ ನಂಬರು ತಿಳಿಯುವುದಿಲ್ಲ. ಉದ್ದ ನಂಬರಿಗೆ ಬಂದವರನ್ನು ಕರೆದುಕೊಂಡು ಹೋಗಿ ಕ್ಯಾಮೆರಾಕ್ಕೆ ಮುಟ್ಟಿಸುವ ಒಂದು ಸಣ್ಣ ಡಬ್ಬಿ ಆಫೀಸಿನಲ್ಲಿತ್ತು. ಉದ್ದ ನಂಬರಿನ ತಲೆಯ ಭಾಗ ಕಂಪನಿ ಕೊಟ್ಟದ್ದು, ಬಾಲ ಮಾತ್ರ ನಾವು ಆರಿಸಿಕೊಳ್ಳಬಹುದು. ನೆನಪಿಡಲು ಹಗುರಾಗಲಿ ಎಂದು ಕೊನೆಯಲ್ಲಿ ಹತ್ತು ಇಟ್ಟೆ. ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ನವೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಕಾಕಾನ ಬೈಕಿನ ಹಿಂದೆ ಕುಳಿತು ಖಜೂರಿಗೆ ಹೋದೆ. ರಸ್ತೆಯ ಎರಡೂ ಬದಿ ತೊಗರಿ ಹಳದಿ ಹೂ ಬಿಟ್ಟಿತ್ತು. ಎದುರು ಬಂದ ಪ್ರತಿ ಲಾರಿಗೂ ಕಾಕಾ ಬೈಕನ್ನು ಬಹಳ ಬದಿಗೆ ಇಳಿಸುತ್ತಿದ್ದರು.

ಹಣಮವ್ವ ಕಾಕಿ ಒಲೆಯ ಮುಂದೆ ಬೇವಿನ ಗಿಡಕ್ಕೆ ಬೆನ್ನು ಮಾಡಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ನನಗೆ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿಯ ಹಿಂಡಿ, ಎಣ್ಣೆ ಹಾಕಿ ಕೊಟ್ಟಳು. ನಾನು ತಿನ್ನುತ್ತಿದ್ದಾಗ ಗಿಡದ ಕೊಂಬೆಯಲ್ಲಿ ಕೆಂಪು ದೀಪ ಹತ್ತಿತು. ಕಾಕಾ ನನ್ನನ್ನು ನೋಡಿದರು.

"ಹಣಮವ್ವ," ಎಂದರು. "ಆ ಕ್ಯಾಮೆರಾ ಆಡಿಗಲ್ಲ."

"ಆಡೇ ಇಲ್ಲಲ್ಲ, ಮತ್ತ ಯಾರಿಗಿ. ನನಗೇನು?"

"ಹೌದು. ನಿನಗೇ."

ಉಳಿದದ್ದನ್ನು ನಾನೇ ಹೇಳಿದೆ. ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಯಿತು. ಕಾಕಿ ತಿರುಗಿ ನೋಡಲಿಲ್ಲ. ಬಡಿದ ರೊಟ್ಟಿ ಕಲ್ಲಿನ ಮೇಲೆ ಒಣಗುತ್ತಿತ್ತು, ಹೆಂಚಿನ ಮೇಲಿನದು ಸುಟ್ಟ ವಾಸನೆ ಬರುತ್ತಿತ್ತು.

"ಈಗ ನೋಡಾಕತ್ತಾಳೇನು?"

"ಹೂಂ ಕಾಕಿ. ನೋಡಾಕತ್ತಾಳ."

"ನಾ ಮಾತಾಡಿದ್ರ ಕೇಳಸ್ತದೇನು?"

"ಇಲ್ಲ. ಬರೇ ಕಾಣತದ."

"ನನಗ ಆಕಿ?"

ಇದು ಒಂದೇ ಕಡೆಯ ಕಿಟಕಿ ಎಂದೆ. ಕಾಕಿ ಸೆರಗಿನ ಹರಿದ ತುದಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು. ಅಳುತ್ತಿರಲಿಲ್ಲ.

"ಮೂರು ವರ್ಷ ಆಕಿಗಿ ನನ್ನ ಬೆನ್ನು ತೋರಿಸೀದಿ," ಎಂದಳು. "ಇದೇ ಹರಕ ಸೀರಿ. ಒಂದು ಮಾತು ನನಗ ಹೇಳಿದ್ರ ಮಾರಿ ಇತ್ತಾಗ ಮಾಡಿ ಕೂಡತಿದ್ದಿಲ್ಲೇನೋ ಮಾರಾಯಾ."

ಕಾಕಾ ತಲೆ ತಗ್ಗಿಸಿ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳುತ್ತ ಕುಳಿತರು. ಮುಖ ಕಾಣುವ ಹಾಗೆ ಕಟ್ಟಿದ್ದರೆ ಅವಳು ಕೆಂಪು ದೀಪ ನೋಡಿ ಏನೆಂದು ಕೇಳುತ್ತಿದ್ದಳು, ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದನ್ನು ಅವರು ನನಗೆ ಆ ದಿನ ಬೈಕಿನ ಮೇಲೆ ಮರಳುವಾಗ ಹೇಳಿದರು.

ನಂಬರಿನ ಪಕ್ಕದಲ್ಲಿ ನನ್ನ ಮೊಬೈಲ್ ನಂಬರನ್ನೂ ಬರೆಯುತ್ತೇನೆ, ಸೀಮಾ ನನಗೆ ಫೋನ್ ಮಾಡಲಿ, ಆಣೆ ನನಗಿಲ್ಲವಲ್ಲ ಎಂದೆ. ಕಾಕಿ ನನ್ನ ಕೈಯಲ್ಲಿದ್ದ ಸುಣ್ಣದ ಕಡ್ಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬ್ಯಾಡ ಬೇ. ನೀ ಈಗ ನಮ್ಮ ಮನಿ ರೊಟ್ಟಿ ತಿಂದೀದಿ. ನೀನೂ ಈ ಮನ್ಯಾಕಿನೇ ಆದಿ. ಆಕಿಗೇನರೆ ಆದ್ರ?"

ಆಗ ನಾನು ವಾದ ಮಾಡಬೇಕಿತ್ತು. ಡಿಪ್ಲೊಮಾ ಓದಿದವಳು. ಆದರೆ ಆಡಿದ ಮಾತು ಆಡಿದವರನ್ನು ಬಿಟ್ಟು ಹೋಗುವುದಿಲ್ಲ ಎಂದು ಆಯಿ ಹೇಳಿದ ನೂರು ಕಥೆ ನನ್ನೊಳಗಿದ್ದವು. ನಾನೂ ಹೆದರಿದೆ. ನಂಬರು ಯಾರನ್ನೂ ಕರೆಯುವುದಿಲ್ಲ, ಬಾಗಿಲು ಎಲ್ಲಿದೆ ಎಂದಷ್ಟೇ ಹೇಳುತ್ತದೆ, ಅಷ್ಟು ಸಾಕು ಎಂದು ಮೂವರೂ ಒಪ್ಪಿದೆವು. ಸೀಮಾ ನನ್ನ ಕುರ್ಚಿಯಲ್ಲಿ ಕುಳಿತವಳು, ನಂಬರಿನ ಆಕಾರ ನೋಡಿದರೆ ಅವಳಿಗೆ ತಿಳಿಯುತ್ತದೆ.

ಮರುದಿನ ಕಾಕಾ ಜೇವರ್ಗಿ ಕಡೆ ಹೋಗುವವರಿದ್ದರು. ಅಲ್ಲಿಂದ ಅಫಜಲಪುರ. ಉದ್ದ ನಂಬರು ತಿಳಿಯದ ಹಳೆಯ ಡಬ್ಬಿಗಳನ್ನು ಮನೆಮನೆಗೆ ಹೋಗಿ ಬದಲಿಸಬೇಕು, ಎರಡು ವಾರದ ಕೆಲಸ. ಹಾಗಾಗಿ ಅಂಗಳದ ಕೆಲಸ ಕಾಕಿಯದು. ಅವಳಿಗೆ ಓದು ಬರುವುದಿಲ್ಲ. ನಾನು ಹೊಸ್ತಿಲಿನಿಂದ ಗಿಡದವರೆಗೆ ಎರಡು ಸಾಲಿನಲ್ಲಿ ಸುಣ್ಣದ ಕಡ್ಡಿಯಿಂದ ದೊಡ್ಡದಾಗಿ ಬರೆದು ತೋರಿಸಿದೆ, ಕಾಗದದ ಮೇಲೂ ಬರೆದುಕೊಟ್ಟೆ. ಅವಳು ಒಂದೊಂದಕ್ಕೂ ತನ್ನದೇ ಹೆಸರಿಟ್ಟುಕೊಂಡಳು. ಎಫ್ ಎಂದರೆ ಗೋಡೆಯ ಗೂಟ. ಡಿ ಎಂದರೆ ಅರ್ಧ ರೊಟ್ಟಿ. ಎಂಟು ಎಂದರೆ ಬಳೆ ಮೇಲೆ ಬಳೆ. ಜೋಡಿಚುಕ್ಕೆ ಕಂಡಾಗ ಮೂಗುತಿ ಎಂದು ನಕ್ಕಳು. ಕೊನೆಯ ಸೊನ್ನೆಯ ಹತ್ತಿರ ಬಂದಾಗ ಇದೇನು ಎಂದು ಕೇಳಿದಳು. ಸೊನ್ನೆ ಎಂದೆ. "ಸೊನ್ನಿ ನನಗ ಗೊತ್ತದ," ಎಂದಳು.

ಮರುದಿನದಿಂದ ದಿನಾ ಬೆಳಿಗ್ಗೆ ಸಗಣಿ ನೀರು ಹೊಡೆದು, ಬಿಳಿ ರಂಗೋಲಿ ಪುಡಿಯಲ್ಲಿ ನಂಬರು ಬಿಡಿಸಿ, ಹಸಿರು ಸೀರೆ ಉಟ್ಟು, ಒಲೆಯ ಆ ಬದಿಗೆ ಹೋಗಿ ಗಿಡಕ್ಕೆ ಮುಖ ಮಾಡಿ ಕೂರುತ್ತಿದ್ದಳಂತೆ. ಬಿಸಿಲು ನೇರ ಕಣ್ಣಿಗೆ ಬೀಳುತ್ತಿತ್ತು. ನಾಚಿಕೆಗೆ ಕ್ಯಾಮೆರಾದ ಕಡೆ ಕಣ್ಣೆತ್ತುತ್ತಿರಲಿಲ್ಲ. ಪಕ್ಕದ ಮನೆಯ ಶಮ್ಸುನ್ನಿಸಾ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ, "ಏನ್ ಹಣಮವ್ವ, ಅಂಗಳಕ್ಕ ಲಾರಿ ನಂಬರ್ ಹಾಕ್ಸೀದಿ? ಪಾಸಿಂಗ್ ಎಲ್ಲೀದು, ಸೊಲ್ಲಾಪುರದ್ದೇನು?" ಎಂದು ಚೇಷ್ಟೆ ಮಾಡಿದಳಂತೆ. ಇದು ಹೊಸ ನಮೂನೆಯ ರಂಗೋಲಿ, ಆಳಂದದಲ್ಲಿ ಎಲ್ಲರೂ ಹಾಕುತ್ತಿದ್ದಾರೆ ಎಂದು ಕಾಕಿ ಹೇಳಿದ್ದಳು. ನಾನು ಫೋನು ಮಾಡಿದಾಗಲೆಲ್ಲ ಇಂಥವನ್ನು ಹೇಳಿ ನಗುತ್ತಿದ್ದಳು. ಅವಳ ನಗು ನಾನು ಕೇಳಿದ್ದು ಆ ದಿನಗಳಲ್ಲಿ ಮಾತ್ರ.

ಆಫೀಸಿನಲ್ಲಿ ಕುಳಿತು ನಾನೂ ನೋಡುತ್ತಿದ್ದೆ. ಚಿತ್ರವಲ್ಲ, ಅದರ ಗುಪ್ತಪದ ನನ್ನ ಹತ್ತಿರ ಇಲ್ಲ. ಬಂದುಹೋದ ಹೊತ್ತನ್ನು ಮಾತ್ರ. ಮೊದಲ ದಿನ ಹಸಿರು ಸೀರೆಯಲ್ಲಿ ಅವ್ವ ಮುಖ ತೋರಿಸಿ ಕುಳಿತ ಬೆಳಿಗ್ಗೆ, ಸೀಮಾ ಒಂದು ಗಂಟೆ ನಲವತ್ತು ನಿಮಿಷ ಹೋಗಲೇ ಇಲ್ಲ.

ಮೂವತ್ತರ ಮಧ್ಯಾಹ್ನ ಹನ್ನೆರಡಕ್ಕೆ ಗಿಡ್ಡ ನಂಬರುಗಳನ್ನು ಬಿಟ್ಟುಕೊಟ್ಟೆವು. ಏನೂ ಸಪ್ಪಳವಾಗಲಿಲ್ಲ. ಊರಿನಲ್ಲಿ ಯಾರ ಟಿವಿಯೂ ನಿಲ್ಲಲಿಲ್ಲ. ದೌಲತರಾಯರು ಖುಷಿಯಾಗಿ ಮಿರ್ಚಿ ಭಜಿ ತರಿಸಿದರು.

ಡಿಸೆಂಬರ್ ಒಂದರ ಬೆಳಿಗ್ಗೆ ಏಳಕ್ಕೆ ಆಫೀಸಿನ ಬೀಗ ತೆಗೆದು ಕುಳಿತೆ. ಹತ್ತು ಎಂದು ಮುಗಿಯುವ ನಂಬರಿಗೆ ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಮೂರರಂದು ಕಾಕಾ ಅಫಜಲಪುರದಿಂದ ಬಂದರು. ಕೂದಲ ತುಂಬ ಧೂಳು. ಅವರು ನನ್ನನ್ನು ಬಂದಳೇ ಎಂದು ಕೇಳಲಿಲ್ಲ. "ಲೈನ್ ಚಲೋ ಅದ ಏನವ್ವ?" ಎಂದರು. ಚಲೋ ಅದರಿ ಕಾಕಾ ಎಂದೆ. ಅಂದಿನಿಂದ ದಿನಾ ಅದೇ ಪ್ರಶ್ನೆ, ಅದೇ ಉತ್ತರ. ನಾನು ಡಬ್ಬಿಯನ್ನು ಕೂಗಿ ನೋಡುತ್ತಿದ್ದೆ, ಅದು ತಪ್ಪದೆ ನಾಲ್ಕು ಸಲ ಉತ್ತರ ಕೊಡುತ್ತಿತ್ತು. ಬಾಗಿಲು ತೆರೆದೇ ಇತ್ತು.

ಅವಳಿಗೆ ನಂಬರು ತಿಳಿದಿಲ್ಲವೇನೋ, ಅಥವಾ ಗಂಡ ಬೇಡವೆಂದನೇನೋ, ಅಥವಾ ಅವ್ವನ ಮುಖ ನೋಡಿದ ಮೇಲೆ ಅವಳಿಗೇ ಸಾಕೆನಿಸಿತೇನೋ. ಹೀಗೆ ಹನ್ನೆರಡು ದಿನ ನನಗೆ ನಾನೇ ಕಥೆ ಹೇಳಿಕೊಂಡೆ.

ನಮ್ಮ ಆಫೀಸಿನ ದೊಡ್ಡ ಪೆಟ್ಟಿಗೆಗೆ ಒಂದು ಅಭ್ಯಾಸವಿದೆ. ನಾವು ಯಾರಿಗೂ ಕೊಡದ ನಂಬರನ್ನು ಹುಡುಕಿಕೊಂಡು ಹೊರಗಿನವರು ಬಂದರೆ, ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಕಳಿಸಿ, ಬಂದುಹೋದದ್ದಕ್ಕೆ ಒಂದು ಸಾಲು ಬರೆದಿಡುತ್ತದೆ. ಆ ಸಾಲುಗಳನ್ನು ಯಾರೂ ಓದುವುದಿಲ್ಲ. ಹದಿಮೂರನೇ ದಿನ ಬೇರೆ ಏನೋ ಹುಡುಕುತ್ತ 'ಖಜೂರಿ' ಭಾಗದ ಸಾಲುಗಳನ್ನು ತೆರೆದೆ. ಡಿಸೆಂಬರ್ ಒಂದು, ಏಳು ಗಂಟೆ ಎರಡು ನಿಮಿಷ. ಮಹಾರಾಷ್ಟ್ರದ ಅದೇ ಮೊಬೈಲು. ತಲೆಯಿಂದ ಕೊನೆಯವರೆಗೆ ನಾನು ಕೊಟ್ಟ ನಂಬರೇ, ಬಾಲದಲ್ಲಿ ಮಾತ್ರ ಹತ್ತರ ಮುಂದೆ ಇನ್ನೊಂದು ಒಂದು. ನೂರಾ ಒಂದು. ಆ ಬೆಳಿಗ್ಗೆ ನಾಲ್ಕು ಸಲ ಕೂಗಿದ್ದಳು. ಎರಡರಂದು ಏಳು ಸಲ. ಮೂರರಂದು ಏಳು ಗಂಟೆಗೂ, ಮತ್ತೆ ಹನ್ನೊಂದಕ್ಕೂ. ಒಂಬತ್ತನೇ ತಾರೀಖಿನವರೆಗೆ ದಿನವೂ. ಒಂಬತ್ತರಂದು ಒಂದೇ ಸಲ. ಅದರ ಕೆಳಗೆ ಸಾಲು ಇರಲಿಲ್ಲ.

ನಾನು ಕಾಗದದಲ್ಲಿ ತಪ್ಪು ಬರೆದಿದ್ದೆನೇ ಎಂಬ ಭಯದಲ್ಲಿ ಆಗಲೇ ಹೊರಟ ಖಜೂರಿಯ ಬಸ್ ಹಿಡಿದೆ.

ಕಾಕಾ ಆ ದಿನ ಮನೆಯಲ್ಲೇ ಇದ್ದರು, ಕಟ್ಟೆಯ ಮೇಲೆ ಕುಳಿತು ಇಕ್ಕಳಕ್ಕೆ ಎಣ್ಣೆ ಹಚ್ಚುತ್ತಿದ್ದರು. ಕಾಕಿ ಪರಾತದಲ್ಲಿ ಜೋಳದ ಹಿಟ್ಟು ಸುರಿದುಕೊಂಡು ಎಸರು ಕಾಯುವುದನ್ನು ನೋಡುತ್ತಿದ್ದಳು. ಮೂವತ್ತನೇ ತಾರೀಖಿನ ಮೇಲೆ ಅಂಗಳದಲ್ಲಿ ನಂಬರು ಬಿಡಿಸಬೇಕಾಗಿಲ್ಲ ಎಂದು ನಾನೇ ಹೇಳಿದ್ದೆ, ನೆಲ ಖಾಲಿ ಇತ್ತು. ಕಾಗದ ಎಲ್ಲಿದೆ ಎಂದು ಕೇಳಿದೆ. ಒಲೆಗೆ ಹಾಕಿದೆ, ನನಗೆ ಈಗ ಕಾಗದ ಬೇಡ ಎಂದು ಹೆಮ್ಮೆಯಿಂದ ಹೇಳಿ, ಹಿಟ್ಟನ್ನು ಅಂಗೈಯಿಂದ ಸಪಾಟು ಮಾಡಿ ಅದರ ಮೇಲೆ ತೋರುಬೆರಳಿನಿಂದ ಬರೆಯತೊಡಗಿದಳು. ಗೂಟ, ಅರ್ಧ ರೊಟ್ಟಿ, ಬಳೆ ಮೇಲೆ ಬಳೆ, ಮೂಗುತಿ. ಒಂದೂ ತಪ್ಪಲಿಲ್ಲ. ಪರಾತದ ಅಂಚಿಗೆ ಬಂದು, ಒಂದು ಬರೆದಳು, ಸೊನ್ನೆ ಬರೆದಳು, ಕ್ಷಣ ನಿಂತು, ಇನ್ನೊಂದು ಒಂದು ಬರೆದಳು.

"ಇದು ಎಲ್ಲಿಂದ ಬಂತು ಕಾಕಿ?" ಎಂದೆ.

"ಅದು ನನ್ನದು," ಎಂದಳು. "ಮಗಳಿಗಿ ಕೊಡೋದು ಸೊನ್ನಿ ಮ್ಯಾಲ ಬಿಡತಾರೇನು ಬೇ? ಮದುವ್ಯಾಗ ಆಯೇರಿ ಹ್ಯಾಂಗ ಮಾಡತಾರ, ನೂರಾ ಒಂದು. ಆಕಿ ಮದುವಿಗಿ ನಾ ಒಂದು ಕುಬಸಾ ಸೈತ ಕೊಟ್ಟಿಲ್ಲ. ಉಡಿ ತುಂಬಿಲ್ಲ. ಇದರೆ ಇರಲಿ ಅಂತ ಒಂದು ಸೇರಿಸೀನಿ."

ಆ ಒಂದರಿಂದಲೇ ನಂಬರು ಕೆಟ್ಟಿತು ಎನ್ನುವವಳಿದ್ದೆ. ಅಷ್ಟರಲ್ಲಿ ಎಣ್ಣೆಯ ಅರಿವೆ ಹಿಡಿದುಕೊಂಡೇ ಕಾಕಾ ಹಿಂದೆ ಬಂದು ನಿಂತಿದ್ದರು. ಮೂರು ತಾಲೂಕಿನ ನಂಬರುಗಳನ್ನು ತಲೆಯಲ್ಲಿ ಇಟ್ಟುಕೊಂಡ ಮನುಷ್ಯ. ಹಿಟ್ಟಿನ ಮೇಲಿನ ನಂಬರನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಕೊನೆಯ ಒಂದರ ಮೇಲೆ ಕಣ್ಣಿಟ್ಟರು. ಆಮೇಲೆ ನನ್ನ ಮುಖ ನೋಡಿದರು. ಅವರಿಗೆ ನಾನು ಏನೂ ಹೇಳಬೇಕಾಗಲಿಲ್ಲ.

"ಬರೋಬ್ಬರಿ ಅದ," ಎಂದರು ಹೆಂಡತಿಗೆ. "ಚಲೋ ಮಾಡೀದಿ."

ಎಸರು ಕುದಿಯಿತು. ಕಾಕಿ ಬಿಸಿನೀರು ಸುರಿದು ನಂಬರನ್ನೆಲ್ಲ ಒಟ್ಟುಗೂಡಿಸಿ ಹಿಟ್ಟು ನಾದತೊಡಗಿದಳು.

ಆಳಂದಕ್ಕೆ ಮರಳುವಾಗ ಬೈಕಿನ ಮೇಲೆ ಕಾಕಾ ಎರಡೇ ಮಾತು ಕೇಳಿದರು. ನೂರಾ ಒಂದು ಎಂಬ ನಂಬರನ್ನೂ ಅದೇ ಡಬ್ಬಿಗೆ ಕೊಡಲು ಬರುತ್ತದೆಯೇ ಎಂದು ಮೊದಲನೆಯದು. ಬರುತ್ತದೆ, ಒಂದು ಮನೆಗೆ ಎಷ್ಟು ನಂಬರಾದರೂ ಕೊಡಬಹುದು, ನಮ್ಮ ಹತ್ತಿರ ತೊಗರಿ ಕಾಳಿಗಿಂತ ಹೆಚ್ಚಿವೆ ಎಂದೆ. ಖಜೂರಿ ಹಿಂದೆ ಬಿದ್ದ ಮೇಲೆ, ತಿರುಗಿ ನೋಡದೆಯೇ ಎರಡನೆಯದು ಕೇಳಿದರು.

"ಎಷ್ಟು ದಿನ ಬಂದಿತ್ತವ್ವ?"

"ಒಂಬತ್ತು ದಿನ ಕಾಕಾ."

ಅವರು ಗಾಡಿ ನಿಲ್ಲಿಸಲಿಲ್ಲ. ವೇಗ ಮಾತ್ರ ಕಡಿಮೆಯಾಯಿತು. ಹಿಂದೆ ಬಂದ ಲಾರಿಯೊಂದು ಹಾರ್ನ್ ಹಾಕುತ್ತ ನಮ್ಮನ್ನು ದಾಟಿತು.

ಆಫೀಸಿಗೆ ಬಂದವಳೇ ನೂರಾ ಒಂದನ್ನು ಡಬ್ಬಿಗೆ ಕೊಟ್ಟೆ. ಎರಡು ನಿಮಿಷದ ಕೆಲಸ. ಹದಿಮೂರು ದಿನ ಮುಂಚೆ ಮಾಡಿದ್ದರೂ ಎರಡೇ ನಿಮಿಷ. ಕೂಗಿ ನೋಡಿದೆ. ನಾಲ್ಕು ಸಲ ಕೂಗಿದೆ, ನಾಲ್ಕು ಸಲವೂ ಇದ್ದೇನೆ ಎಂದಿತು. ಮಾನಿಟರಿನ ಅಂಚಿನ ಟಿಕಳಿಗಳಲ್ಲಿ ಒಂದು ಹಸಿರಿನದು ಅಂಟು ಬಿಟ್ಟು ಕೀಬೋರ್ಡಿನ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ಮತ್ತೆ ಅಲ್ಲೇ ಒತ್ತಿದೆ.

ಆಮೇಲೆ ಆ ಎರಡು ನಂಬರಿನಲ್ಲಿ ಯಾವುದಕ್ಕೂ ಯಾರೂ ಬಂದಿಲ್ಲ. ಒಂಬತ್ತು ದಿನ ಬಾಗಿಲು ಬಡಿದವಳಿಗೆ ಒಳಗಿನಿಂದ ಅಂಥವರು ಇಲ್ಲಿ ಯಾರೂ ಇಲ್ಲ ಎಂಬ ಉತ್ತರ ಹೋಗಿದೆ. ಅಪ್ಪನೇ ಹಾಗೆ ಹೇಳಿಸಿದ ಎಂದು ಅವಳು ತಿಳಿದಿದ್ದರೆ ಅದರಲ್ಲಿ ಅವಳ ತಪ್ಪೇನಿದೆ. ನನ್ನ ಹತ್ತಂಕಿಯ ಮೊಬೈಲ್ ನಂಬರು ಆ ನೆಲದ ಮೇಲೆ ಒಂದು ದಿನ ಇದ್ದಿದ್ದರೆ ಎಂದು ಬೆಳಿಗ್ಗೆ ಬೀಗ ತೆಗೆಯುವಾಗಲೆಲ್ಲ ಅನಿಸುತ್ತದೆ.

ಸಂಕ್ರಾಂತಿಯ ಮುನ್ನಾದಿನ, ಭೋಗಿಗೆ, ಕಾಕಿ ನನ್ನನ್ನು ಊಟಕ್ಕೆ ಕರೆದಿದ್ದಳು. ಬೆಳಿಗ್ಗೆಯೇ ಹೋದೆ. ಅಂಗಳದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ. ಕಾಕಿ ಹಸಿರು ಸೀರೆ ಉಟ್ಟು ಗಿಡಕ್ಕೆ ಮುಖ ಮಾಡಿ ಕುಳಿತಿದ್ದಳು. ಮೊದಲ ರೊಟ್ಟಿಯನ್ನು ಹೆಂಚಿನಿಂದ ಇಳಿಸಿ, ಎರಡೂ ಕೈಯಲ್ಲಿ ಎತ್ತಿ ಕ್ಯಾಮೆರಾದ ಕಡೆ ಹಿಡಿದಳು. ಕೆಂಪು ದೀಪ ಹತ್ತಿರಲಿಲ್ಲ. ಅವಳಿಗೂ ಅದು ಕಾಣುತ್ತಿತ್ತು. ಕೈ ಸೋಲುವವರೆಗೆ ಹಿಡಿದು, ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು.

"ಆಕಿಗಿ ಈಗ ಹೊತ್ತು ಸಿಗಂಗಿಲ್ಲ," ಎಂದಳು, ಇನ್ನೊಂದು ಉಂಡೆಯನ್ನು ಕಲ್ಲಿಗೆ ಒತ್ತುತ್ತ. ನನಗೆ ಹೇಳಿದಳೋ ಗಂಡನಿಗೋ ತಿಳಿಯಲಿಲ್ಲ. "ಮೈಯಾಗ ದಿನ ತುಂಬಿರಬೇಕು."

ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. "ಹೂಂ," ಎಂದರು.

"ಬ್ಯಾಸಿಗಿ ಬರೋದ್ರಾಗ ಹಡೀತಾಳ."

"ಹೂಂ."

"ಕೂಸು ಸಣ್ಣದಿರತದ. ಮುಂಜಾನೆದ್ದು ಫೋನ್ ಹಿಡಕೊಂಡು ಕೂಡಾಕ ಆಗತದೇನು?"

"ಹೂಂ," ಎಂದರು ಕಾಕಾ.

ಅವಳು ರೊಟ್ಟಿ ಬಡಿಯುತ್ತ ಹೇಳುತ್ತಲೇ ಇದ್ದಳು, ಕೂಸು ಹೆಣ್ಣು, ಮೂಗು ಅವ್ವನದು, ಬಣ್ಣ ಮಾತ್ರ ಅಪ್ಪನದು. ಕಾಕಾ ಒಂದೊಂದು ಮಾತಿಗೂ ತಪ್ಪದೆ ಹೂಂ ಅನ್ನುತ್ತಿದ್ದರು.